ಪ್ರಿಫಿಕ್ಸ್ ಪಟ್ಟಿ ಬಾಯಿಪಾಠ ಮಾಡಿದರೂ ಇಂಗ್ಲಿಷ್ ಪದಗಳ ಅರ್ಥ ಹೊಳೆಯುತ್ತಿಲ್ಲ, ಯಾಕೆ?

ಲ್ಯಾಟಿನ್ ಪ್ರಿಫಿಕ್ಸ್‌ಗಳ (ಪದದ ಮುಂದೆ ಅಂಟುವ ತುಣುಕುಗಳ) ಉದ್ದನೆಯ ಪಟ್ಟಿಯನ್ನೇ ಬಾಯಿಪಾಠ ಮಾಡಿದ್ದೀರಿ, ಆದರೂ ಹೊಸ ಪದ ಎದುರಾದಾಗ ಅರ್ಥ ಹೊಳೆಯುತ್ತಿಲ್ಲ ಎಂದು ಬರೆದಿದ್ದೀರಿ. ‘ಇನ್’ ಎಂದರೆ ‘ಅಲ್ಲ’ ಎಂದು ಕಲಿತಿದ್ದರಿಂದ ‘ಇನ್‌ಫ್ಲೇಮಬಲ್’ ಎಂದರೆ ಬೆಂಕಿ ಹತ್ತದ ವಸ್ತು ಎಂದುಕೊಂಡಿದ್ದಿರಂತೆ. ಇದೆಲ್ಲ ಕಲಿತಿದ್ದು ದಂಡವೇ ಎಂದು ಕೇಳಿದ್ದೀರಿ.

ಖಂಡಿತ ದಂಡವಲ್ಲ. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸದಲ್ಲಿದ್ದೇನೆ, ದಿನವೂ ಪದಗಳನ್ನು ಬಿಡಿಸಿ ನೋಡುತ್ತೇನೆ. ನನಗೆ ಕಂಡಂತೆ ತೊಂದರೆ ಇರುವುದು ಪಟ್ಟಿಯಲ್ಲಿ. ಪಟ್ಟಿ ಬರೀ ಪದದ ತಲೆಯನ್ನು ಕಲಿಸುತ್ತದೆ. ಅದು ಯಾವ ಬೇರಿಗೆ ಅಂಟಿಕೊಂಡಿದೆ ಎಂಬುದು ಗೊತ್ತಿಲ್ಲದಿದ್ದರೆ ತಲೆಯೊಂದರಿಂದ ಏನೂ ಸಿಗುವುದಿಲ್ಲ.

ಕನ್ನಡ ಓದುವವರಿಗೆ ಈ ಆಟ ಹೊಸದೇನಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಎಲ್ಲದರಲ್ಲೂ ಇರುವುದು ಒಂದೇ ‘ಹಾರ’. ಮುಂದೆ ಬಂದ ಉಪಸರ್ಗ ಬದಲಾದಂತೆ ಒಂದು ಊಟವಾಯಿತು, ಒಂದು ಸುತ್ತಾಟವಾಯಿತು, ಇನ್ನೊಂದು ಏಟಾಯಿತು. ಸಂಸ್ಕೃತ ಕಲಿಸುವವರು ಇವೇ ಪದಗಳಿರುವ ಒಂದು ಶ್ಲೋಕ ಹೇಳಿಕೊಡುತ್ತಾರೆ: ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆ ಕಡೆಗೆ ಒಯ್ಯುತ್ತದೆ ಎಂದು. ಲ್ಯಾಟಿನ್ ಪ್ರಿಫಿಕ್ಸ್ ಮಾಡುವುದೂ ಇದೇ ಕೆಲಸ.

ಹಾಗಾಗಿ ಒಂದು ಬೇರನ್ನು ಹಿಡಿದುಕೊಂಡು ಶುರು ಮಾಡಿ. ನನಗೆ ತುಂಬಾ ಇಷ್ಟವಾದದ್ದು ‘ಟ್ರ್ಯಾಕ್ಟ್’. ಲ್ಯಾಟಿನ್‌ನಲ್ಲಿ ಇದರ ಅರ್ಥ ಎಳೆಯುವುದು. ಹೊಲದಲ್ಲಿ ಎಳೆಯುವ ಯಂತ್ರ ಟ್ರ್ಯಾಕ್ಟರ್. ‘ಎಕ್ಸ್’ ಎಂದರೆ ಹೊರಗೆ, ಹೊರಗೆ ಎಳೆದದ್ದು ಎಕ್ಸ್‌ಟ್ರ್ಯಾಕ್ಟ್, ಅಂದರೆ ಸಾರ. ‘ಸಬ್’ ಎಂದರೆ ಅಡಿಯಿಂದ, ಇದ್ದದ್ದರಲ್ಲಿ ಅಡಿಯಿಂದ ಒಂದಷ್ಟು ಎಳೆದುಕೊಂಡರೆ ಸಬ್‌ಟ್ರ್ಯಾಕ್ಟ್, ನಮ್ಮ ಕಳೆಯುವ ಲೆಕ್ಕ. ‘ಡಿಸ್’ ಎಂದರೆ ಬೇರೆ ಬೇರೆ ಕಡೆಗೆ. ಮನಸ್ಸನ್ನು ಅತ್ತ ಇತ್ತ ಎಳೆದರೆ ಡಿಸ್‌ಟ್ರ್ಯಾಕ್ಟ್. ‘ಕಾನ್’ ಎಂದರೆ ಒಟ್ಟಿಗೆ. ಎಲ್ಲವನ್ನೂ ಒಂದೆಡೆಗೆ ಎಳೆದರೆ ವಸ್ತು ಕುಗ್ಗುತ್ತದೆ, ಇಬ್ಬರನ್ನು ಒಂದೆಡೆಗೆ ಎಳೆದರೆ ಒಪ್ಪಂದವಾಗುತ್ತದೆ. ‘ಕಾಂಟ್ರ್ಯಾಕ್ಟ್’ ಪದಕ್ಕೆ ಈ ಎರಡೂ ಅರ್ಥ ಬಂದದ್ದು ಹೀಗೆ.

ಇನ್ನು ‘ಅಟ್ರ್ಯಾಕ್ಟ್’, ತನ್ನ ಕಡೆಗೆ ಎಳೆಯುವುದು. ಇದಕ್ಕೆ ನಾವು ಏನೆನ್ನುತ್ತೇವೆ? ಆಕರ್ಷಣೆ. ಅದನ್ನೂ ಬಿಡಿಸಿ ನೋಡಿ: ಆ, ಕರ್ಷಣೆ. ಕರ್ಷಣೆ ಎಂದರೂ ಎಳೆಯುವುದೇ! ಆ ಧಾತುವಿಗೆ ಎಳೆಯುವುದು, ಉಳುವುದು ಎರಡೂ ಅರ್ಥವಿದೆ, ‘ಕೃಷಿ’ ಹುಟ್ಟಿದ್ದೂ ಅದರಿಂದಲೇ. ಟ್ರ್ಯಾಕ್ಟರ್ ಮತ್ತು ಅಟ್ರ್ಯಾಕ್ಷನ್ ಅಲ್ಲಿ ಹೇಗೆ ನೆಂಟರೋ, ಕೃಷಿ ಮತ್ತು ಆಕರ್ಷಣೆ ಇಲ್ಲಿ ಹಾಗೆ ನೆಂಟರು. ಇದನ್ನು ಮೊದಲ ಸಲ ಗಮನಿಸಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಒಮ್ಮೆ ಒಂದು ಲೇಖನದಲ್ಲಿ ‘ಇನ್‌ಟ್ರ್ಯಾಕ್ಟಬಲ್’ ಸಮಸ್ಯೆ ಎಂದು ಬಂತು. ನಿಘಂಟಿನಲ್ಲಿದ್ದ ಭಾರದ ಪದ ಯಾವುದೂ ಆ ವಾಕ್ಯದಲ್ಲಿ ಕೂರಲಿಲ್ಲ. ಪದವನ್ನು ಬಿಡಿಸಿದೆ. ‘ಇನ್’, ಇಲ್ಲ. ‘ಟ್ರ್ಯಾಕ್ಟ್’, ಎಳೆದಾಡು, ಹಾಗೆಯೇ ನಿಭಾಯಿಸು. ‘ಏಬಲ್’, ಆಗುವಂಥದ್ದು. ಎಷ್ಟು ಎಳೆದರೂ ಬಾರದ್ದು. ಎಷ್ಟು ಜಗ್ಗಿದರೂ... ಆಗ ಸಿಕ್ಕಿತು: ಜಗ್ಗದ ಸಮಸ್ಯೆ. ‘ಯಾವ ಒತ್ತಡಕ್ಕೂ ಜಗ್ಗಲಿಲ್ಲ’ ಎಂದು ನಾವು ಹೇಳುವುದರಲ್ಲೂ ಅದೇ ಎಳೆದಾಟದ ಚಿತ್ರವಿದೆ, ಅಲ್ವಾ? ನಿಘಂಟು ಕೊಡದ ಪದವನ್ನು ಬೇರು ಕೊಟ್ಟಿತು.

ಪಟ್ಟಿ ನಿಮ್ಮ ಕೈಕೊಡಲು ಇನ್ನೊಂದು ಕಾರಣವಿದೆ. ಪ್ರಿಫಿಕ್ಸ್ ಯಾವಾಗಲೂ ಒಂದೇ ರೂಪದಲ್ಲಿ ಇರುವುದಿಲ್ಲ, ಅದಕ್ಕೂ ಸಂಧಿಯಾಗುತ್ತದೆ. ಉತ್ ಮತ್ತು ಲಾಸ ಸೇರಿ ಉಲ್ಲಾಸ, ಸತ್ ಮತ್ತು ಜನ ಸೇರಿ ಸಜ್ಜನ ಆಗುತ್ತವಲ್ಲ, ಹಾಗೆಯೇ ‘ಇನ್’ ಮತ್ತು ‘ಲೀಗಲ್’ ಸೇರಿ ಇಲ್ಲೀಗಲ್. ‘ರೆಗ್ಯುಲರ್’ ಮುಂದೆ ಅದೇ ‘ಇರ್’ ಆಗುತ್ತದೆ, ‘ಪಾಸಿಬಲ್’ ಮುಂದೆ ‘ಇಮ್’. ಪಟ್ಟಿಯಲ್ಲಿ ಇವನ್ನು ನಾಲ್ಕು ಪ್ರಿಫಿಕ್ಸ್ ಎಂದು ಬರೆದಿದ್ದರೆ ಮೂರನ್ನು ಹೊಡೆದುಹಾಕಿ, ಇರುವುದು ಒಂದೇ. ಸ್ಪೆಲಿಂಗ್ ತಪ್ಪುವವರಿಗೂ ಇದರಿಂದ ಜಾಸ್ತಿ ಉಪಯೋಗ. ‘ಸಪೋರ್ಟ್’ನಲ್ಲಿ ಎರಡು ಪಿ ಯಾಕೆ? ‘ಸಬ್’ನ ಬಿ ಬದಲಾಗಿ ಒಂದು ಪಿ ಆಯಿತು, ‘ಪೋರ್ಟ್’ನದು ಇನ್ನೊಂದು. ‘ಕರೆಕ್ಟ್’ನ ಎರಡು ಆರ್, ‘ಕಲೆಕ್ಟ್’ನ ಎರಡು ಎಲ್, ‘ಅಟ್ರ್ಯಾಕ್ಟ್’ನ ಎರಡು ಟಿ, ಎಲ್ಲದಕ್ಕೂ ಇದೇ ಕಾರಣ. ಒಂದು ಅಕ್ಷರ ಪ್ರಿಫಿಕ್ಸಿನದು, ಒಂದು ಬೇರಿನದು.

ಈಗ ನಿಮ್ಮ ಇನ್‌ಫ್ಲೇಮಬಲ್‌ಗೆ ಬರೋಣ. ಲ್ಯಾಟಿನ್‌ನಲ್ಲಿ ನೋಡಲು ಒಂದೇ ಥರ ಇರುವ ಎರಡು ‘ಇನ್’ ಇವೆ. ಒಂದು ‘ಅಲ್ಲ’, ಇನ್ನೊಂದು ‘ಒಳಕ್ಕೆ, ಮೇಲೆ’. ಇಂಜೆಕ್ಷನ್ ಎಂದರೆ ಒಳಕ್ಕೆ ಹಾಕುವುದು, ಇಂಪೋರ್ಟ್ ಎಂದರೆ ಒಳಕ್ಕೆ ತರುವುದು. ಇನ್‌ಫ್ಲೇಮಬಲ್‌ನಲ್ಲಿರುವುದು ಈ ಎರಡನೆಯದು: ಉರಿ ಹೊತ್ತಿಕೊಳ್ಳುವಂಥದ್ದು. ಫ್ಲೇಮಬಲ್ ಎಂದರೂ ಅದೇ ಅರ್ಥ. ಬೆಂಕಿಯ ವಿಷಯವಾದ್ದರಿಂದ ಇದೊಂದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಊಹೆಯ ಮೇಲೆ ಓದಬಾರದು.

‘ಅಲ್ಲ’ ಎನ್ನುವ ‘ಇನ್’ ಕೂಡ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆಯಿಲ್ಲದ್ದು ಎಂದು ಎಷ್ಟೋ ಜನ ತಿಳಿಯುತ್ತಾರೆ. ಅದು ಬೆಲೆ ಕಟ್ಟಲಾಗದ್ದು. ಕನ್ನಡದಲ್ಲಿ ನಾವು ‘ಅಮೂಲ್ಯ’ ಎನ್ನುವಾಗ ಇದೇ ‘ಅ’ವನ್ನು ಹೀಗೇ ಬಳಸುತ್ತೇವೆ, ಅಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ.

ಬಿಡಿಸಿದ ಭಾಗಗಳೆಲ್ಲ ಸರಿಯಿದ್ದರೂ ಅರ್ಥ ಪೂರ್ತಿ ಸಿಕ್ಕಿತು ಎಂದು ನಂಬಬೇಡಿ. ‘ಪ್ರಿಡಿಕ್ಟ್’ ಬಿಡಿಸಿದರೆ ಮುಂಚೆಯೇ ಹೇಳು. ‘ಪ್ರಿಫೇಸ್’ ಬಿಡಿಸಿದರೂ ಮುಂಚೆಯೇ ಹೇಳು. ಅಲ್ಲಿರುವ ‘ಫೇಸ್’ ಮುಖವಲ್ಲ, ಮಾತಾಡು ಎಂಬ ಬೇರೊಂದು ಕ್ರಿಯಾಪದ. ಇನ್ನೂ ಮಾತು ಬಾರದ ಮಗುವಿಗೆ ‘ಇನ್‌ಫಂಟ್’ ಎಂಬ ಹೆಸರು ಬಂದದ್ದೂ ಅದರಿಂದಲೇ. ಭಾಗಗಳ ಅರ್ಥ ಒಂದೇ, ಆದರೆ ಒಂದು ಭವಿಷ್ಯ ಹೇಳುವುದಾಯಿತು, ಇನ್ನೊಂದು ಪುಸ್ತಕದ ಮುನ್ನುಡಿಯಾಯಿತು. ‘ಮುನ್ನುಡಿ’ಯನ್ನೂ ಬಿಡಿಸಿದರೆ ಸಿಗುವುದು ಅಷ್ಟೇ: ಮುಂದೆ ನುಡಿದದ್ದು. ಅದು ಪುಸ್ತಕಕ್ಕೆ ಸೇರಿದ್ದು ಎಂಬುದನ್ನು ಬಳಕೆ ಹೇಳಬೇಕು. ಅದಕ್ಕೇ ನಾನು ಮೊದಲು ಪದ ಬಿಡಿಸಿ ಒಂದು ಊಹೆ ಮಾಡುತ್ತೇನೆ, ಆ ಊಹೆ ವಾಕ್ಯದಲ್ಲಿ ಕೂರುತ್ತದೆಯೇ ನೋಡುತ್ತೇನೆ, ಆಮೇಲೆ ನಿಘಂಟು ತೆರೆಯುತ್ತೇನೆ. ಊಹೆ ತಪ್ಪಿದ ಪದಗಳೇ ಜಾಸ್ತಿ ನೆನಪಿನಲ್ಲಿ ಉಳಿದಿವೆ.

ಸುಮ್ನೆ ಪ್ರಿಫಿಕ್ಸಿನಂತೆ ಕಾಣುವ ಅಕ್ಷರಗಳೂ ಇವೆ. ‘ರೆಡ್’, ‘ಪ್ರೆಸ್’, ‘ಅಂಕಲ್’ ಇವುಗಳಲ್ಲಿ ಯಾವ ಪ್ರಿಫಿಕ್ಸೂ ಇಲ್ಲ. ಅನುಮಾನ ಬಂದರೆ ತಲೆ ತೆಗೆದು ನೋಡಿ. ಉಳಿದ ಭಾಗ ಬೇರೆ ಪ್ರಿಫಿಕ್ಸ್ ಜೊತೆಗೂ ಬರುತ್ತದೆಯೇ? ‘ಪೋರ್ಟ್’ ಎಲ್ಲ ಕಡೆ ಬರುತ್ತದೆ. ‘ರೆಡ್’ನಲ್ಲಿ ಉಳಿಯುವುದು ಒಂದು ಡಿ ಅಷ್ಟೇ.

ಕೆಲವು ಪ್ರಿಫಿಕ್ಸ್‌ಗಳನ್ನಂತೂ ನೀವು ಹೊಸದಾಗಿ ಕಲಿಯಬೇಕಾಗಿಯೇ ಇಲ್ಲ. ‘ಪ್ರೊ’ ನಮ್ಮ ‘ಪ್ರ’ದ ಒಡಹುಟ್ಟು. ‘ಇಂಟರ್’ ನಮ್ಮ ‘ಅಂತರ್’, ‘ಸೂಪರ್’ ನಮ್ಮ ‘ಉಪರಿ’. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದರು. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಗಳ ಮೂಲಕ ಆ ನೆಂಟಸ್ತನ ನಿಮ್ಮ ಬಾಯಲ್ಲೇ ಇದೆ.

ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ವಾರಕ್ಕೊಂದು ಬೇರು ಸಾಕು. ಟ್ರ್ಯಾಕ್ಟ್ ಆದ ಮೇಲೆ ಪೋರ್ಟ್, ಅಂದರೆ ಹೊರುವುದು. ಆಮೇಲೆ ಸ್ಪೆಕ್ಟ್, ಅಂದರೆ ನೋಡುವುದು. ಹಿಂದಕ್ಕೆ ನೋಡುವ ‘ರೆಟ್ರೊಸ್ಪೆಕ್ಟ್’ ನಮ್ಮ ಹಿನ್ನೋಟವೇ. ಇವತ್ತಿಗೆ ‘ಪ್ರೊಟ್ರ್ಯಾಕ್ಟೆಡ್’ ಬಿಡಿಸಿ ನೋಡಿ. ‘ಪ್ರೊ’ ಎಂದರೆ ಮುಂದಕ್ಕೆ. ಮುಗಿಯದ ವಿಚಾರಣೆಯ ಬಗ್ಗೆ ‘ಎಳೀತಾನೇ ಇದ್ದಾರೆ’ ಎಂದು ನಾವು ಹೇಳುವುದು ನೆನಪಾದರೆ ಅರ್ಥ ಸಿಕ್ಕಿತು.