ಕುತ್ತಿಗೆಯ ಆ ಕಪ್ಪು ಕೊಳೆಯಲ್ಲ

ಕುಮಟಾ ಕಡೆಯ ಕುಟುಂಬ. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಅವನ ಅಜ್ಜಿ ಕರೆಯುವ ಹಾಗೆ ‘ತಮ್ಮ’ ಎಂದೇ ಬರೆಯುತ್ತೇನೆ.

ಊಟ-ತಿಂಡಿಯ ಸಲಹೆಗೆಂದು ಮಕ್ಕಳ ಡಾಕ್ಟರು ನನ್ನ ಬಳಿ ಕಳಿಸಿದ್ದರು. ತಮ್ಮನಿಗೆ 11 ವರ್ಷ. ಎತ್ತರ 142 ಸೆಂ.ಮೀ., ತೂಕ 52 ಕಿಲೋ, ಹೊಟ್ಟೆಯ ಸುತ್ತಳತೆ 78 ಸೆಂ.ಮೀ. ಬೇರೆ ಬೇರೆ ದಿನ ಮೂರು ಸಲ ನೋಡಿದಾಗಲೂ ಬಿಪಿ 122/80ರ ಆಸುಪಾಸು. ಕುರ್ಚಿಯಲ್ಲಿ ಕೂತವನು ಅಂಗಿಯ ತುದಿ ಹಿಡಿದು ಕೆಳಗೆ ಎಳೆಯುತ್ತಲೇ ಇದ್ದ. ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ. ಅದರ ಮೇಲೆ ಕೆಂಪಗೆ ತರಚಿದ ಗೆರೆಗಳು.

“ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಮೇಡಂ,” ಎಂದರು ತಾಯಿ. “ಕಡಲೆಹಿಟ್ಟು ಆಯ್ತು, ಲಿಂಬೆ ಆಯ್ತು, ಕೊನೆಗೆ ತೆಂಗಿನ ನಾರು. ಸ್ನಾನ ಅಂದರೆ ಅಳುತ್ತಾನೆ.”

ಅದು ಕೊಳೆಯಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ, ಮೈಯಲ್ಲಿ ಅದರ ಪ್ರಮಾಣ ಏರಿದಾಗ ಕುತ್ತಿಗೆ, ಕಂಕುಳಿನ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತದೆ. ಇದನ್ನು ಹೇಳಿದಾಗ ತಾಯಿ ಏನೂ ಮಾತಾಡಲಿಲ್ಲ. ಮೆಲ್ಲಗೆ ಮಗನ ಕಾಲರ್ ಸರಿಮಾಡಿದರು. ನಾನು ಕೊಟ್ಟ ಮೊದಲ ಸಲಹೆ ಇದೇ: ಇವತ್ತಿನಿಂದ ತಿಕ್ಕಬೇಡಿ.

ತಂದೆಯ ಪ್ರಶ್ನೆ ಬೇರೆ. “ನನ್ನ ಬಿಪಿಯೂ ಅಷ್ಟೇ ಇದೆ. ಇವನದ್ದೇನು ತೊಂದರೆ?” ದೊಡ್ಡವರ ಅಳತೆ ಮಕ್ಕಳಿಗೆ ಹೊಂದುವುದಿಲ್ಲ. ಮಗುವಿನ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂದು ನೋಡಿ ಲೆಕ್ಕ ಹಾಕುತ್ತಾರೆ. 11ರ ಹುಡುಗನಿಗೆ 122/80 ಜಾಸ್ತಿಯೇ. ತೋಳಿಗೆ ಕಟ್ಟುವ ಪಟ್ಟಿ ಚಿಕ್ಕದಾದರೂ ಬಿಪಿ ಸುಳ್ಳೇ ಏರಿ ಕಾಣುತ್ತದೆ, ಅದಕ್ಕೇ ಡಾಕ್ಟರು ಸರಿಯಾದ ಅಳತೆಯ ಪಟ್ಟಿ ಕಟ್ಟಿ ಮೂರು ದಿನ ನೋಡಿದ್ದು. ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧ ದಾಟಬಾರದು. ಇವನಿಗೆ 71 ಇರಬೇಕಾದಲ್ಲಿ 78 ಇದೆ.

ಆಮೇಲೆ ನಿಜವಾದ ಹೆದರಿಕೆ ಹೊರಗೆ ಬಂತು. ತಮ್ಮನ ಅಜ್ಜ 48ಕ್ಕೆ ಹಾರ್ಟ್ ಅಟ್ಯಾಕ್ ಆಗಿ ಹೋದವರು. ಹಾಗಾಗಿ ತಾಯಿ ತಿಂಡಿ ಕಪಾಟಿಗೆ ಬೀಗ ಹಾಕಿದ್ದರು. ಊಟಕ್ಕೆ ಕೂತರೆ “ಸಾಕು, ಏಳು” ಎನ್ನುತ್ತಿದ್ದರು. ಅಜ್ಜಿಗೆ ಅದು ನೋಡಲಾಗದೆ ಗುಟ್ಟಾಗಿ ಹತ್ತಿಪ್ಪತ್ತು ರೂಪಾಯಿ ಕೊಡುತ್ತಿದ್ದರು.

ತಮ್ಮನ ಜೊತೆ ಒಬ್ಬಳೇ ಕೂತೆ. ಅಜ್ಜಿ ಕೊಟ್ಟ ದುಡ್ಡಲ್ಲಿ ಕ್ರೀಮ್ ಬನ್ ತಗೊಂಡು, ಕಂಪೌಂಡ್ ಹಿಂದೆ ನಿಂತು, ಯಾರಾದರೂ ಬರುವ ಮೊದಲೇ ನಾಲ್ಕು ತುತ್ತಿಗೆ ನುಂಗುತ್ತಾನಂತೆ. “ರುಚಿ ಗೊತ್ತಾಗೂದೇ ಇಲ್ಲ,” ಅಂದ. ಅವನಿಗೆ ಯಕ್ಷಗಾನದ ಹುಚ್ಚು. ಅಭಿಮನ್ಯುವಿನ ವೇಷ ಕಟ್ಟುವ ಆಸೆ. ಆದರೆ ಹುಡುಗರು ಅವನನ್ನು ಬಕಾಸುರ ಅಂತಾರೆ.

ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡಿದೆ. ಹೃದಯದ ರಕ್ತನಾಳದಲ್ಲಿ ಕೊಬ್ಬಿನ ಗೆರೆ ಚಿಕ್ಕ ವಯಸ್ಸಿಗೇ ಶುರುವಾಗಬಹುದು. ಅಮೆರಿಕದ ಬೊಗಲೂಸಾ ಎಂಬ ಊರಲ್ಲಿ 1973ರಿಂದ ಮಕ್ಕಳನ್ನು ಗಮನಿಸುತ್ತಾ ಬಂದವರು ಇದನ್ನು ಕಂಡಿದ್ದಾರೆ. ಆದರೆ 2011ರಲ್ಲಿ ಅದೂ ಸೇರಿ ನಾಲ್ಕು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಇನ್ನೊಂದು ಮಾತೂ ತಿಳಿಯಿತು. ಚಿಕ್ಕಂದಿನಲ್ಲಿ ದಪ್ಪಗಿದ್ದು, ದೊಡ್ಡವರಾಗುವಾಗ ಬೊಜ್ಜು ಇಲ್ಲದವರಾದರೆ, ಅವರ ಬಿಪಿ, ಸಕ್ಕರೆಕಾಯಿಲೆಯ ಅಪಾಯ ಎಂದೂ ದಪ್ಪಗಿರದವರಷ್ಟೇ. ಅಜ್ಜನ ಕಥೆ ಇವನ ಹಣೆಬರಹ ಅಲ್ಲ. ಇದನ್ನು ಎರಡು ಸಲ ಹೇಳಿದೆ.

ಬೀಗ ತೆಗೆಯಿರಿ, ಆದರೆ ಬಿಸ್ಕತ್ತು, ಕೂಲ್ ಡ್ರಿಂಕ್ಸ್ ಮನೆಗೆ ತರಲೇಬೇಡಿ, ಯಾರಿಗೂ. 250 ಮಿ.ಲೀ. ಬಾಟಲಿಯಲ್ಲಿ ಐದಾರು ಚಮಚ ಸಕ್ಕರೆ ಇರುತ್ತದೆ. ಬಾಯಾರಿದರೆ ಮಜ್ಜಿಗೆ ಇದೆಯಲ್ಲ. ಕುಚಲಕ್ಕಿ ಗಂಜಿ ತಪ್ಪೇನಲ್ಲ. ಅದರ ಜೊತೆ ದಿನಾ ಉಪ್ಪಿನಕಾಯಿ, ಹಪ್ಪಳ, ಒಣಮೀನು ಮೂರೂ ಬೇಡ. ದಿನಕ್ಕೆ 5 ಗ್ರಾಂ ಒಳಗಿರಬೇಕಾದ ಉಪ್ಪು ಅಲ್ಲೇ ಮೀರುತ್ತದೆ. ಬಂಗಡೆ ಹುರಿಯುವ ಬದಲು ಸಾರು ಮಾಡಿ. ತಟ್ಟೆಗೆ ಪಲ್ಯ ಜಾಸ್ತಿ ಬೀಳಲಿ. ‘ದಡಿಯ’ ಎಂಬ ಮಾತು ಮನೆಯಲ್ಲಿ ತಮಾಷೆಗೂ ಬೇಡ. ಬೆಳೆಯುವ ಹುಡುಗನನ್ನು ಉಪವಾಸ ಹಾಕಬೇಡಿ. ತೂಕ ಈಗಿದ್ದಲ್ಲೇ ನಿಂತು ಎತ್ತರ ಏರಿದರೂ ಸಾಕು.

“ಹಾಗಾದ್ರೆ ದುಡ್ಡು ಕೊಡೂದು ಬೇಡ್ವಾ ಅಕ್ಕೋರೇ?” ಎಂದರು ಅಜ್ಜಿ, ತಪ್ಪು ಮಾಡಿದವರ ದನಿಯಲ್ಲಿ. ದುಡ್ಡು ಬೇಡ, ಸಂಜೆ ನೀವೇ ಅವನ ಪಕ್ಕ ಕೂತು ಅವಲಕ್ಕಿಯೋ ಬಾಳೆಹಣ್ಣೋ ಕೊಡಿ ಎಂದೆ. ಆ ವಯಸ್ಸಿನ ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಬೆವರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಅಂಗಳಕ್ಕೆ ಇಳಿಯುವುದೇ ಕಷ್ಟ, ಅಲ್ವಾ? ಅದಕ್ಕೇ ಯಕ್ಷಗಾನದ ಹೆಜ್ಜೆ ಕ್ಲಾಸಿಗೆ ಸೇರಿಸಿ ಎಂದೆ. ಡಾಕ್ಟರು ಒಪ್ಪಿದರು. ಮಂಡಿ ಹಾಕಿ ಕುಣಿಯುವುದನ್ನು ಮಾತ್ರ ಆಮೇಲೆ ಕಲಿಸಿ ಎಂದು ಗುರುಗಳಿಗೆ ತಿಳಿಸಿದೆವು. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ತಪಾಸಣೆಯ ಜವಾಬ್ದಾರಿ ಡಾಕ್ಟರದ್ದೇ.

ಆರು ತಿಂಗಳ ನಂತರ ಬಂದಾಗ ತಾಯಿಯ ಮುಖ ಸಪ್ಪಗಿತ್ತು. ತೂಕ 52 ಇದ್ದಲ್ಲೇ ಇದೆ ಎಂದು ಬೇಸರ. ಎತ್ತರ 145 ಆಗಿದೆ, ಬಿಪಿ 112/72ಕ್ಕೆ ಇಳಿದಿದೆ ಎಂದು ಚೀಟಿ ತೋರಿಸಿದೆ. ಕುತ್ತಿಗೆಯ ಕಪ್ಪು ಇನ್ನೂ ಇದೆ, ಅದಕ್ಕೆ ಸಮಯ ಬೇಕು. ತರಚಿದ ಗೆರೆಗಳು ಮಾಯವಾಗಿವೆ. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ತಮ್ಮ ಹೊರಗಿನ ವರಾಂಡದಲ್ಲಿ ಅಜ್ಜಿಗೆ ಹೆಜ್ಜೆ ತೋರಿಸುತ್ತಿದ್ದ. ಅಂಗಿಯ ತುದಿ ಎಳೆಯಲು ಅವನ ಕೈ ಖಾಲಿ ಇರಲಿಲ್ಲ.