ಓದುಗರ ಕಟ್ಟೆ: ಸೌಹಾರ್ದ ಕೂಟ ಆಯ್ತು, ಉಪ್ಪಿಟ್ಟೂ ಆಯ್ತು, ಮುಂದೆಂತ?

ಈ ಸಲ ಬಂದ ಪತ್ರದಲ್ಲಿ ನಾಲ್ಕು ಒಂದೇ ವಿಷ್ಯದ ಸುತ್ತ ಇದ್ವು, ಹಂಗಾಗಿ ಉಳಿದಿದ್ದನ್ನ ಮುಂದಿನ ಸಂಚಿಕೆಗೆ ಇಟ್ಟಿದೀನಿ. ಅಡಿಕೆ ರೇಟು ಯಾವಾಗ ಏರುತ್ತೆ ಅಂತ ಕೇಳಿದ ಮೂವರೂ ಬೇಜಾರು ಮಾಡ್ಕೋಬೇಡಿ, ಅದು ನಂಗೆ ಗೊತ್ತಿದ್ರೆ ಈ ಅಂಕಣ ಬರೀತಾ ಕೂರ್ತಿರ್ಲಿಲ್ಲ.

ಪ್ರಶ್ನೆ: ನಮ್ದು ಹೊಸನಗರ ಕಡೆ ಸಣ್ಣ ಪೇಟೆ. ದೇವಸ್ಥಾನ, ಮಸೀದಿ, ಚರ್ಚು, ಬಸದಿ ಎಲ್ಲ ನಡ್ಕೊಂಡು ಹೋಗೋ ದೂರದಲ್ಲೇ ಇದಾವೆ. ವರ್ಷಕ್ಕೊಂದ್ಸಲ ಸೌಹಾರ್ದ ಕೂಟ ಮಾಡ್ತೀವಿ. ಸ್ವಾಮಿಗಳು, ಮೌಲ್ವಿಗಳು, ಫಾದರು ಬರ್ತಾರೆ, ದೀಪ, ಶಾಲು, ಫೋಟೋ, ಉಪ್ಪಿಟ್ಟು. ಮಾರನೇ ದಿನ ಎಲ್ಲ ಮೊದಲಿನಂಗೇ. ಇತ್ಲಾಗೆ ಮಂಗನ ಕಾಯಿಲೆ ಹೆದರಿಕೆ, ಹುಡುಗ್ರ ಮೊಬೈಲ್ ಜೂಜು, ಸಾಲ, ಇವೆಲ್ಲ ಎಲ್ಲ ಮನೆಗೂ ಒಂದೇ ತರ ಹೊಡೀತಿದಾವೆ. ಕೂಟದಿಂದ ಇದಕ್ಕೆಲ್ಲ ಎಂತಾದ್ರೂ ಆಗುತ್ತಾ, ಅಥ್ವಾ ಫೋಟೋಗೇ ಸೈಯಾ?

ಉತ್ತರ: ಫೋಟೋ ತಪ್ಪಲ್ಲ ಮಾರಾಯ್ರೆ, ಊರಲ್ಲಿ ಗಲಾಟೆ ಬಿಸಿ ಇರೋ ಹೊತ್ತಲ್ಲಿ ಮೂರು ಜನ ಹಿರೇರು ಒಂದೇ ಬೆಂಚಲ್ಲಿ ಕೂತಿದ್ದು ಪೇಪರಲ್ಲಿ ಬಂದ್ರೆ ಅದಕ್ಕೂ ಬೆಲೆ ಇದೆ. ಆದ್ರೆ ಸರ್ವಧರ್ಮ ಅಂದ ಕೂಡ್ಲೇ ನಮಗೆ ವೇದಿಕೆನೇ ಯಾಕೆ ಕಣ್ಣಿಗೆ ಬರುತ್ತೆ ಅಂದ್ರೆ 1893ರ ಶಿಕಾಗೋ ತಲೇಲಿ ಹಂಗೆ ಕೂತ್ಬಿಟ್ಟಿದೆ, ವಿವೇಕಾನಂದರು ಎದ್ದು ನಿಂತ್ರು, ಚಪ್ಪಾಳೆ ಬಿತ್ತು, ಮುಂದಿನದ್ದು ಯಾರಿಗೂ ನೆನಪಿಲ್ಲ. ನಂಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು 1986ರಲ್ಲಿ ಇಟಲಿಯ ಅಸ್ಸಿಸಿ ಊರಲ್ಲಿ ನಡೆದಿದ್ದು. ಪಾಂಡಾ ಚಿತ್ರದ ಡಬ್ಲ್ಯೂಡಬ್ಲ್ಯೂಎಫ್ ಸಂಸ್ಥೆಯೋರು ಹಿಂದೂ, ಬೌದ್ಧ, ಕ್ರೈಸ್ತ, ಮುಸ್ಲಿಂ, ಯಹೂದಿ ಐದು ಕಡೆಯೋರನ್ನೂ ಪ್ರಕೃತಿ ಉಳಿಸೋ ಮಾತಿಗೆ ಕರೆದ್ರು. ಅಲ್ಲಿ ಎಲ್ಲರ ಸಹಿ ಹಾಕಿದ ಒಂದೇ ಠರಾವು ಬರ್ಲಿಲ್ಲ, ಒಬ್ಬೊಬ್ಬರೂ ಅವರವರ ಶಾಸ್ತ್ರ ಹಿಡ್ಕೊಂಡು ಅವರವರ ಘೋಷಣೆ ಬರ್ದ್ರು. ದೇವರನ್ನೆಲ್ಲ ಒಂದು ಮಿಕ್ಸಿಗೆ ಹಾಕೋ ಗೋಜೇ ಇಲ್ಲ. ಕೆಲಸ ಒಂದು, ಮಾತು ಅವರವರ ಮನೇದು.

ನಮ್ಮ ದೇಶದ್ದೇ ಬೇಕು ಅಂದ್ರೆ ಪೋಲಿಯೋ ನೋಡಿ. ಉತ್ತರ ಪ್ರದೇಶದ ಪಶ್ಚಿಮದ ಜಿಲ್ಲೆಗಳಲ್ಲಿ ಹನಿ ಹಾಕಿಸಿದ್ರೆ ಮಕ್ಕಳಿಗೆ ಮುಂದೆ ಮಕ್ಕಳಾಗಲ್ಲ ಅಂತ ಪುಕಾರು ಎದ್ದು ಬಾಗಿಲು ಹಾಕ್ಕೊಂಡ ಮನೆಗಳು ಎಷ್ಟೋ. ಸರ್ಕಾರಿ ಪೋಸ್ಟರಿಗೆ ಬಗ್ಗದೇ ಇದ್ದ ಆ ಬಾಗಿಲು, ಮಸೀದಿ ಮೈಕಲ್ಲಿ ಇಮಾಮರೇ ನಾಳೆ ಪೋಲಿಯೋ ಭಾನುವಾರ ಮಕ್ಕಳನ್ನ ಕರ್ಕೊಂಡು ಬನ್ನಿ ಅಂದಾಗ ತೆಗೀತು. ಬರೀ ಮೈಕಿಂದಾನೇ ಆಯ್ತು ಅಂತಲ್ಲ, ಮನೆ ಮನೆ ಸುತ್ತಿದ ಹೆಂಗಸರ ಕಾಲು ಸವೆದಿದ್ದೂ ಅಷ್ಟೇ ಇದೆ. ದೇಶದ ಕೊನೇ ಕೇಸು 2011ರ ಜನವರಿಲಿ ಹೌರಾ ಕಡೆ ಸಿಕ್ಕಿದ್ದು, 2014ರ ಮಾರ್ಚಲ್ಲಿ ಪೋಲಿಯೋ ಇಲ್ಲ ಅಂತ ಸರ್ಟಿಫಿಕೇಟೂ ಬಂತು. ಅದಕ್ಕೆ ಯಾರೂ ಯಾರ ಧರ್ಮನೂ ಒಪ್ಕೋಬೇಕಾಗಿ ಬರ್ಲಿಲ್ಲ, ಹನಿ ಒಪ್ಕೊಂಡ್ರೆ ಸಾಕಿತ್ತು.

ಈಗ ನಿಮ್ಮೂರಿಗೆ ಬರೋಣ. ಮೂರು ಸಮಸ್ಯೆ ಬರ್ದಿದೀರಿ, ಮೂರನ್ನೂ ಒಟ್ಟಿಗೆ ಹಿಡೀಬೇಡಿ, ಮಂಗನ ಕಾಯಿಲೆ ಒಂದನ್ನ ಹಿಡೀರಿ. ಯಾಕಂದ್ರೆ ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರೋ ಈ ಜ್ವರ ನಮ್ಮದೇ ಕಾಯಿಲೆ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಸಿಕ್ಕಿದ್ದು, ಲೋಕದ ಪುಸ್ತಕದಲ್ಲೆಲ್ಲ ನಮ್ಮ ಕಾಡಿನ ಹೆಸರೇ ಇದೆ. 2019ರಲ್ಲಿ ಸಾಗರದ ಅರಳಗೋಡು ಕಡೆ ಇದ್ರಿಂದ ಜನ ಸತ್ತಿದ್ದನ್ನ ಯಾರೂ ಮರೆತಿಲ್ಲ. ಹಳೇ ಲಸಿಕೆ ಕೊಡೋದು ನಿಲ್ಲಿಸಿದಾರೆ. ಹಂಗಾಗಿ ಉಳಿದಿದ್ದು ಎಚ್ಚರಿಕೆ ಒಂದೇ: ಕಾಡಿಗೆ ಹೋಗೋ ಮುಂಚೆ ಆರೋಗ್ಯ ಕೇಂದ್ರದಲ್ಲಿ ಕೊಡೋ, ಉಣುಗು ಹತ್ತದಂಗೆ ತಡೆಯೋ ಎಣ್ಣೆನ ಕೈಕಾಲಿಗೆ ಹಚ್ಕೊಳೋದು, ಬಂದ ಕೂಡ್ಲೇ ಬಿಸಿನೀರು ಸ್ನಾನ, ಬಟ್ಟೆ ಒಗೆಯೋದು, ಮಂಗ ಸತ್ತಿದ್ದು ಕಂಡ್ರೆ ಮುಟ್ಟದೇ ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ತಿಳಿಸೋದು. ಉಣುಗಿಗೆ ಜಾತಿ ಗೊತ್ತಿಲ್ಲ, ದರಗು ಗುಡ್ಸೋರು, ಸೌದೆಗೆ ಹೋಗೋರು, ದನ ಮೇಯ್ಸೋರು ಯಾರ ಕಾಲಿಗಾದ್ರೂ ಹತ್ತುತ್ತೆ. ಇನ್ನೊಂದು, ಇದು ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ, ಆದ್ರೂ ಜ್ವರ ಬಂದ ಮನೆ ಕಡೆ ಜನ ತಲೆ ಹಾಕಲ್ಲ. ಈ ಮಾತನ್ನ ಡಾಕ್ಟ್ರು ಹೇಳಿದ್ರೆ ಹೂಂ ಅಂತಾರೆ, ಭಟ್ರು ಮೌಲ್ವಿಗಳು ಫಾದರು ಖುದ್ದು ಆ ಮನೆಗೆ ಹೋಗಿ ಕೂತು ಕಾಫಿ ಕುಡಿದ್ರೆ ನಂಬ್ತಾರೆ.

ಮುಂಚೆ ನಮ್ಮೂರ ಕಡೆ ಒಂದು ವರ್ಷ ಹಿಂಗೇ ಮಾಡಿದ್ವಿ. ವೇದಿಕೆ ಇಲ್ಲ, ಶಾಲಿಲ್ಲ. ಆರೋಗ್ಯ ಕೇಂದ್ರದಿಂದ ತಂದ ಎಣ್ಣೆ ಬಾಟ್ಲಿನ ಜನ ಹೆಂಗೂ ಬಂದು ನಿಲ್ಲೋ ಜಾಗದಲ್ಲಿ ಇಟ್ವಿ. ಮಸೀದೀಲಿ ಚಪ್ಪಲಿ ಸ್ಟ್ಯಾಂಡ್ ಪಕ್ಕ, ಚರ್ಚಲ್ಲಿ ಹೊರಗಿನ ಮೆಟ್ಲ ಹತ್ರ, ದೇವಸ್ಥಾನದಲ್ಲಿ ಎಲ್ಲಿಡೋದು ಅಂತ ತಲೆ ಕೆಡಿಸ್ಕೊಂಡು ಕೊನೆಗೆ ತೀರ್ಥದ ಮೇಜಿನ ತುದೀಲಿ ಇಟ್ರು. ಮೊದಲ್ನೇ ದಿನಾನೇ ಒಬ್ರು ಅಜ್ಜಿ ತೀರ್ಥ ಅಂದ್ಕೊಂಡು ಬಗ್ಗಿ ಕೈ ಚಾಚಿದ್ರು, ಭಟ್ರು ಹಾಂ ಹಾಂ ಅಮ್ಮಾ ಅದು ಕಾಲಿಗೆ ಅಂತ ಕೂಗಿದ್ರು, ಆ ನಗು ನೋಡ್ಬೇಕಿತ್ತು, ಗರ್ಭಗುಡಿವರೆಗೂ ಹೋಯ್ತು. ಸಂಜೆಯೊಳಗೆ ಆ ಕತೆ ಮಸೀದಿ ಹತ್ರದ ಟೀ ಅಂಗಡಿಗೂ ಮುಟ್ಟಿ, ಅಲ್ಲೂ ಬಾಟ್ಲಿ ಅರ್ಧ ಖಾಲಿ. ಕರಪತ್ರ ಹಂಚಿದ್ರೆ ಇದು ಆಗ್ತಿರ್ಲಿಲ್ಲ.

ಎಲ್ಲ ಸಲೀಸಾಯ್ತು ಅಂತ ಹೇಳಲ್ಲ. ಒಂದು ಕಡೆಯ ಕಮಿಟಿಯೋರು ನಾವು ಅವರ ಜೊತೆ ಹೆಸರು ಹಾಕ್ಸಲ್ಲ ಅಂದ್ರು. ಹೆಸರು ಬೇಡ ಬಿಡಿ, ಬಾಟ್ಲಿ ಇಟ್ಕೊಳಿ ಅಂದ್ವಿ. ಇಟ್ಕೊಂಡ್ರು. ನಿಮ್ಮಲ್ಲೂ ದೊಡ್ಡ ಗುರುಗಳ ಡೇಟಿಗೆ ಕಾಯ್ಬೇಡಿ, ಮೈಕ್ ಆನ್ ಮಾಡೋ ಹುಡುಗ, ಕಸ ಗುಡ್ಸೋ ಹೆಂಗಸು, ಅಡಿಗೆ ಭಟ್ರು, ಇವರನ್ನ ಕರೀರಿ. ಅಂದಂಗೆ ವಿಶ್ವಸಂಸ್ಥೆ 2010ರಲ್ಲೇ ಫೆಬ್ರವರಿ ಮೊದಲ್ನೇ ವಾರನ ಸರ್ವಧರ್ಮ ಸಾಮರಸ್ಯದ ವಾರ ಅಂತ ಮಾಡಿಟ್ಟಿದೆ, ನಮಗೆ ಅದು ಸರಿಯಾಗಿ ಉಣುಗಿನ ಸೀಸನ್. ಕೂಟ ಮಾಡ್ಲೇಬೇಕು ಅಂದ್ರೆ ಅವಾಗ ಮಾಡಿ, ಶಾಲಿನ ದುಡ್ಡಲ್ಲಿ ಗಂಬೂಟು ಕೊಡ್ಸಿ.

ಪ್ರಶ್ನೆ: ನಮ್ಮ ಸಂಘದಲ್ಲಿ ಹತ್ತು ಹೆಂಗಸರು, ಮುಸ್ಲಿಮರು ಕ್ರಿಶ್ಚಿಯನ್ನರು ನಾವು ಎಲ್ಲ ಇದೀವಿ. ಗುಂಪಿನ ಮೇಲೆ ಸಾಲ ತಗೊಂಡಿದ್ವಿ. ಒಬ್ಬಾಕೆ ಎರಡು ಕಂತು ಕಟ್ಟಲಿಲ್ಲ, ಅಲ್ಲಿಂದ ಶುರುವಾಗಿ ಈಗ ಅವರ ಜನವೇ ಹಂಗೆ, ಇವರ ಜನವೇ ಹಿಂಗೆ ಅನ್ನೋ ಮಟ್ಟಕ್ಕೆ ಬಂದಿದೆ. ಹಬ್ಬಕ್ಕೆ ತಟ್ಟೆ ಕಳಿಸೋದೂ ನಿಂತಿದೆ. ಮತ್ತೆ ಒಟ್ಟು ಮಾಡೋದು ಹೆಂಗೆ? (ಸಾಗರ ಕಡೆಯ ಓದುಗರು)

ಉತ್ತರ: ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದ್ದೆ. ಇದು ಧರ್ಮದ ಜಗಳನೇ ಅಲ್ಲ, ಸಾಲದ ಜಗಳ ಧರ್ಮದ ಅಂಗಿ ಹಾಕ್ಕೊಂಡು ಬಂದಿದೆ. ಗುಂಪು ಸಾಲದ ಲೆಕ್ಕನೇ ಹಂಗೆ, ಅಡವು ಇಡಕ್ಕೆ ಏನಿಲ್ಲ ಅಂತ ಒಬ್ಬರಿಗೊಬ್ಬರನ್ನೇ ಜಾಮೀನು ಮಾಡಿರ್ತಾರೆ, ಒಬ್ಬಾಕೆ ತಪ್ಪಿಸಿದ್ರೆ ಉಳಿದೋರ ತಲೆ ಮೇಲೆ ಬರುತ್ತೆ, ವಸೂಲಿಯವನ ಕೆಲಸನ ನಿಮ್ಮ ಗೆಳತೀರೇ ಮಾಡೋ ಹಂಗೆ ಆಗುತ್ತೆ. ಒಂದೇ ಜಾತಿಯ ಸಂಘದಲ್ಲೂ ಇದೇ ಜಗಳ ಆಗುತ್ತೆ, ಅಲ್ಲಿ ಅತ್ತೆ ಮನೆಯೋರು ಸರಿ ಇಲ್ಲ ಅಂತಾರೆ, ಇಲ್ಲಿ ಜನ ಸರಿ ಇಲ್ಲ ಅಂತಾರೆ ಅಷ್ಟೇ ವ್ಯತ್ಯಾಸ.

ಹಂಗಾಗಿ ಮೊದಲು ಸಾಲನ ಬಿಡಿಸ್ಕೊಳಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ವಸೂಲಿಯೋರು ಬೆಳಿಗ್ಗೆ 9 ಗಂಟೆ ಮುಂಚೆ, ಸಂಜೆ 6 ಗಂಟೆ ಮೇಲೆ ಫೋನ್ ಮಾಡಂಗಿಲ್ಲ, ಬಾಯಿಗೆ ಬಂದಂಗೆ ಬೈಯಂಗಿಲ್ಲ, ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟೋ ಹಂಗಿಲ್ಲ. ರಿಸರ್ವ್ ಬ್ಯಾಂಕಲ್ಲಿ ನೋಂದಣಿನೇ ಇಲ್ಲದ ಖಾಸಗಿ ಬಡ್ಡಿಯೋರು ಬಲವಂತ ಮಾಡಿದ್ರೆ 2025ರ ರಾಜ್ಯದ ಹೊಸ ಕಾನೂನಲ್ಲಿ 10 ವರ್ಷದ ತನಕ ಜೈಲಿದೆ. ಹತ್ತೂ ಜನ ಪಾಸ್‌ಬುಕ್ ಹಿಡ್ಕೊಂಡು ಒಂದೇ ದಿನ ಹೋಗಿ ಕಂತಿನ ಅವಧಿ ಮುಂದಕ್ಕೆ ಹಾಕ್ಸಿ ಅಂತ ಕೇಳಿ, ಒಬ್ಬೊಬ್ರೇ ಹೋದ್ರೆ ನಿಮ್ಮನ್ನ ಕೂರ್ಸೋದೂ ಇಲ್ಲ.

ಮತ್ತೆ ಆ ಕಂತು ಕಟ್ಟದ ಹೆಂಗಸಿನ ಮನೆಗೆ ಯಾರಾದ್ರೂ ಹೋಗಿದೀರಾ? ನೀವು ಬರ್ದಿಲ್ಲ. ನಂಗೆ ಗೊತ್ತಿರೋ ಒಂದು ಸಂಘದಲ್ಲಿ ಹಿಂಗೇ ಆದಾಗ ಮನೆಗೆ ಹೋದ್ರೆ ತಿಳೀತು, ಮಗ ಆನ್‌ಲೈನ್ ರಮ್ಮೀಲಿ ಅಮ್ಮನ ಅಕೌಂಟು ಗುಡಿಸಿ ಹಾಕಿದ್ದ, ಮರ್ಯಾದೆಗೆ ಅಂಜಿ ಆಕೆ ಬಾಯಿ ಬಿಟ್ಟಿರ್ಲಿಲ್ಲ. ದುಡ್ಡು ಹಾಕಿ ಆಡೋ ಆನ್‌ಲೈನ್ ಆಟನ 2025ರ ಆಗಸ್ಟಲ್ಲಿ ಕೇಂದ್ರ ಸರ್ಕಾರ ಕಾನೂನು ಮಾಡಿ ನಿಷೇಧಿಸಿದೆ, ಆದ್ರೆ ಮೊದಲು ಆದ ಸಾಲ ಕಾನೂನು ನೋಡಿ ಹೋಗಲ್ವಲ್ಲ. ತಟ್ಟೆ ಕಳಿಸೋ ವಿಷ್ಯಕ್ಕೆ ನಂಗೆ ಉಪದೇಶ ಇಲ್ಲ. ನೀವೇ ಮೊದಲು ಕಳ್ಸಿ. ಸಸ್ಯಾಹಾರ ಮಾಂಸಾಹಾರ ತಕರಾರಿದ್ರೆ ಬಾಳೆಹಣ್ಣು ಕಳ್ಸಿ, ಅದಕ್ಕೆ ಯಾರ ತಕರಾರೂ ಇಲ್ಲ.

ಪ್ರಶ್ನೆ: ಬೇರೆ ಧರ್ಮದೋರ ಜೊತೆ ಇಷ್ಟೆಲ್ಲ ಬೆರೆತ್ರೆ ನಮ್ಮ ಮಕ್ಕಳಿಗೆ ನಮ್ಮ ಸಂಪ್ರದಾಯ ಸಡಿಲ ಆಗಲ್ವಾ?

ಉತ್ತರ: ಎಣ್ಣೆ ಹಚ್ಕೊಂಡು ಸಂಪ್ರದಾಯ ಹೋದೋರನ್ನ ನಾನು ಕಂಡಿಲ್ಲ. ಮೊಬೈಲ್ ಹಿಡ್ಕೊಂಡು ಸಂಧ್ಯಾವಂದನೆ, ನಮಾಜು, ಪ್ರೇಯರ್ ಮೂರೂ ಬಿಟ್ಟ ಹುಡುಗ್ರನ್ನ ದಿನಾ ಕಾಣ್ತೀನಿ.

ಪ್ರಶ್ನೆ: ನಾವು ಕಾಲೇಜು ಹುಡುಗ್ರು. ಹಣಗೆರೆಕಟ್ಟೆಗೆ ಹೋಗಿದ್ವಿ, ಸುತ್ತ ಕಾಡಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟ ನೋಡಿ ಬೇಜಾರಾಯ್ತು. ಇತ್ತ ಶಿವಮೊಗ್ಗದಲ್ಲಿ ತುಂಗೆದೂ ಅದೇ ಕತೆ. ಏನಾದ್ರೂ ಹೇಳಿದ್ರೆ ನಮ್ಮ ಭಕ್ತಿ ಬಗ್ಗೆ ಮಾತಾಡಕ್ಕೆ ನೀನ್ಯಾರು ಅಂತಾರೆ. ಎಲ್ಲಿಂದ ಶುರು ಮಾಡೋದು?

ಉತ್ತರ: ಹಣಗೆರೆಕಟ್ಟೆಯಿಂದಾನೇ ಶುರು ಮಾಡಿ. ತೀರ್ಥಹಳ್ಳಿ ತಾಲೂಕಿನ ಆ ಜಾಗದಲ್ಲಿ ಒಂದೇ ಸೂರಿನ ಕೆಳಗೆ ಹಜರತ್ ಸೈಯದ್ ಸಾದತ್ ದರ್ಗಾನೂ ಇದೆ, ಭೂತರಾಯ ಚೌಡೇಶ್ವರಿನೂ ಇದೆ, ಹರಕೆ ಹೊತ್ತು ಬರೋರು ಎರಡಕ್ಕೂ ಕೈ ಮುಗೀತಾರೆ. ಅಲ್ಲಿ ಧರ್ಮದೋರನ್ನ ಒಟ್ಟು ಸೇರ್ಸೋ ಕೆಲಸ ನಿಮಗೆ ಉಳಿದಿಲ್ಲ, ನಮ್ಮ ಅಜ್ಜಂದಿರೇ ಮಾಡಿ ಹೋಗಿದಾರೆ. ಕಸನೂ ಒಟ್ಟಿಗೇ ಹಾಕ್ತಾರೆ ಅನ್ನೋದೇ ತಾಪತ್ರಯ. ಹರಕೆ ಕೋಳಿ ಕುರಿ ಮಾಡ್ಕೊಂಡು ಅಲ್ಲೇ ಅಡಿಗೆ, ಊಟ, ಆಮೇಲೆ ತಟ್ಟೆ ಅಲ್ಲಲ್ಲೇ ಬಿಟ್ಟು ಗಾಡಿ ಹತ್ತೋದು, ಆ ಎಂಜಲು ತಟ್ಟೆ ಹುಡ್ಕೊಂಡು ಮಂಗ, ದನ ಬರೋದು.

ಹೇಳೋ ರೀತಿ ಒಂಚೂರು ಬದಲಾಯ್ಸಿ. ಕಸ ಹಾಕ್ಬೇಡಿ ಅಂದ್ರೆ ಜನಕ್ಕೆ ಬೈದಂಗೆ ಕೇಳುತ್ತೆ. ಅದರ ಬದಲು ಗಾಡಿ ನಿಲ್ಲೋ ಜಾಗದಲ್ಲಿ ಹಾಳೆತಟ್ಟೆ ಇಟ್ಕೊಂಡು ನಿಂತ್ಕೊಳಿ. ಹಾಳೆತಟ್ಟೆ ಮಾಡೋದು ನಮ್ಮದೇ ತೋಟದ ಅಡಿಕೆ ಹಾಳೇಲಿ, ಪ್ಲಾಸ್ಟಿಕ್ ಕೊಟ್ಟೋರಿಗೆ ಅದನ್ನ ಕೊಡಿ, ವಾಪಸ್ ತರೋದೂ ಬೇಡ, ಗೊಬ್ಬರಕ್ಕೆ ಹೋಗುತ್ತೆ. ಪೂಜಾರಿ ಒಬ್ರು, ದರ್ಗಾದ ಮುಜಾವರ್ ಒಬ್ರು ಅರ್ಧ ಗಂಟೆ ನಿಮ್ಮ ಪಕ್ಕ ನಿಂತ್ರೆ ಸಾಕು, ನೀನ್ಯಾರು ಅನ್ನೋ ಪ್ರಶ್ನೆ ಹುಟ್ಟಲ್ಲ. ನಿಂತ್ಕೊಳಿ ಅಂತ ಕೇಳಕ್ಕೆ ಭಾನುವಾರ ಹೋಗ್ಬೇಡಿ, ರಶ್ ಇರುತ್ತೆ, ಖಾಲಿ ಇರೋ ದಿನ ಹೋಗಿ.

ತುಂಗೆ ದೊಡ್ಡ ಮಾತು. ಗಂಗಾ ಸ್ನಾನ ತುಂಗಾ ಪಾನ ಅಂತ ಗಾದೆ ಹೇಳ್ತಾನೇ ಊರಿನ ಚರಂಡಿ ಹೊಳೆಗೆ ಬಿಟ್ಟಿದೀವಿ, ಅದನ್ನ ಗಣಪತಿ ಒಬ್ಬನ ತಲೆಗೆ ಕಟ್ಟೋದು ಅನ್ಯಾಯ. ಹಂಗಂತ ಬಣ್ಣದ ಪಿಒಪಿ ಗಣಪನೂ ಬೇಡ, ಮಣ್ಣಿಂದು ಮಾಡೋರು ಇನ್ನೂ ಇದಾರೆ, ಚೌತಿಗೆ ಎರಡು ತಿಂಗಳು ಮುಂಚೆನೇ ಹೋಗಿ ಅಡ್ವಾನ್ಸ್ ಕೊಡಿ, ಆಮೇಲೆ ಹೋದ್ರೆ ಸಿಗಲ್ಲ.