ಹುಬ್ಬಳ್ಳಿಯ ಹಳೆ ಮನೆಯ ಬಚ್ಚಲು ಹೊಸದು ಮಾಡಿಸಲು ಬಜೆಟ್ ಹೇಗೆ ಹಾಕಬೇಕು?

ಟೈಲ್ಸ್ ಅಂಗಡಿಗೆ ಆಮೇಲೆ ಹೋಗಿ, ಮೊದಲು ಪ್ಲಂಬರನ್ನು ಕರೆಸಿ. ಹಳೆ ಫರಸಿ ಕಿತ್ತ ಮೇಲೆಯೇ ತುಕ್ಕು ಹಿಡಿದ ಪೈಪು ಕಣ್ಣಿಗೆ ಬೀಳೋದು, ಅಂದಾಜು ತಪ್ಪೋದೂ ಅಲ್ಲೇ. ಹಾಗಾಗಿ ಶೇ. 15ರಷ್ಟು ಹೆಚ್ಚಿನ ದುಡ್ಡು ಕೈಯಲ್ಲಿರಲಿ.

ಟೈಲ್ಸ್ ಲೆಕ್ಕ ನೀವೇ ಹಾಕಬಹುದು. 5×7 ಅಡಿ ಬಚ್ಚಲಾದರೆ ನೆಲ 35 ಚದರಡಿ. ಗೋಡೆಯ ಸುತ್ತಳತೆ 24 ಅಡಿ, 7 ಅಡಿ ಎತ್ತರಕ್ಕೆ 168. ಬಾಗಿಲು ಕಳೆದರೆ ಸುಮಾರು 150, ನೆಲವೂ ಸೇರಿ 185. ಒಡೆದದ್ದು, ಕತ್ತರಿಸಿದ್ದು ಅಂತ ಶೇ. 10 ಸೇರಿಸಿ 205 ಚದರಡಿ ತನ್ನಿ.

ವಾಟರ್‌ಪ್ರೂಫಿಂಗ್‌ನಲ್ಲಿ ಮಾತ್ರ ಜುಗ್ಗತನ ಬೇಡ. ಬಳಿದದ್ದು ಪೂರ್ತಿ ಒಣಗಿದ ಮೇಲೆ ನೀರು ಹೋಗುವ ಜಾಲಿ ಮುಚ್ಚಿ, ಎರಡಿಂಚು ನೀರು ನಿಲ್ಲಿಸಿ 24 ತಾಸು ಬಿಡಿ. ಎಲ್ಲೂ ಹಸಿ ಕಾಣದಿದ್ದರೆ ಮಾತ್ರ ಟೈಲ್ಸ್. ನಮ್ಮ ಗೌಂಡಿ "ಏನಾಗೂದಿಲ್ರೀ ಸರ, ಸುಮ್ನ ಹಚ್ಚೂಣು" ಅಂದ, ನಾನೂ ಹೂಂ ಅಂದೆ. ಆರು ತಿಂಗಳಲ್ಲಿ ಪಡಸಾಲೆ ಗೋಡೆಯ ಸುಣ್ಣ ಉದುರತೊಡಗಿತು! ಜಾಲಿಯ ಕಡೆಗೆ ನೆಲದ ಇಳಿಜಾರು ಏಳಡಿಗೆ ಒಂದಿಂಚಾದರೂ ಇರಲಿ.

ನಳದ ನೀರು ದಿನಾ ಬರದ ಓಣಿಯಾದರೆ ಮೊದಲೇ ಎರಡು ಬ್ಯಾರಲ್ ತುಂಬಿಸಿಡಿ. ನೀರಿಲ್ಲ ಅಂತ ಗೌಂಡಿ ಕೂತರೂ ಪಗಾರ ಕೊಡಲೇಬೇಕು.